ಮೀಕನನ್ನು ಮರೆಯದ ಹಿರಿಯರು

ಕ್ರಿ. ಪೂ. ೬೦೯ರ ಸುಮಾರಿಗೆ ಯೆರೂಸಲೇಮಿನ ದೇವಾಲಯದ ‘ಹೊಸ ಬಾಗಿಲಿ’ನಲ್ಲಿ ಒಂದು ವಿಚಾರಣೆ ನಡೆಯಿತು. ಆಪಾದಿತನು ಅನಾತೋತ್ ಎಂಬ ಹಳ್ಳಿಯ ಯಾಜಕರ ಮನೆತನಕ್ಕೆ ಸೇರಿದ ಯೆರೆಮೀಯ. ಅವನು ಯಾರನ್ನೂ ಕೊಂದಿರಲಿಲ್ಲ, ಏನನ್ನೂ ಕದ್ದಿರಲಿಲ್ಲ. ದೇವಾಲಯದ ಅಂಗಳದಲ್ಲಿ ನಿಂತು, ಪೂಜೆಗೆಂದು ಬಂದ ಜನರಿಗೆ ನಾಲ್ಕು ಮಾತು ಹೇಳಿದ್ದನು, ಅಷ್ಟೆ. ಕದಿಯುವುದು, ಕೊಲ್ಲುವುದು, ಸುಳ್ಳುಸಾಕ್ಷಿ ನುಡಿಯುವುದು, ದಿಕ್ಕಿಲ್ಲದ ವಿಧವೆಯರನ್ನೂ ಅನಾಥರನ್ನೂ ಪರದೇಶಿಗಳನ್ನೂ ಹಿಂಡುವುದು, ಇಷ್ಟನ್ನೂ ಮಾಡಿ ಮುಗಿಸಿ ಬಂದು, ಇದು ದೇವರ ಆಲಯ, ಇಲ್ಲಿ ನಮಗೇನು ಭಯವೆಂದು ನೆಮ್ಮದಿಯಾಗಿ ನಿಲ್ಲುವವರಿಗೆ ಈ ಕಟ್ಟಡವು ರಕ್ಷೆಯಾಗದು ಎಂಬುದು ಅವನ ಮಾತಿನ ತಿರುಳು. ಹಿಂದೆ ಶೀಲೋವಿನಲ್ಲಿಯೂ ಇದೇ ದೇವರ ಮಂದಿರವಿತ್ತು. ಅದು ಏನಾಯಿತೆಂಬುದನ್ನು ಹೋಗಿ ನೋಡಿಬನ್ನಿರಿ, ಇದಕ್ಕೂ ಅದೇ ಗತಿ ಬಂದೀತು ಎಂದು ಅವನು ಸೇರಿಸಿದನು.

ಶೀಲೋವಿನ ಮಾತು ಸುಮ್ಮನೆ ಆಡಿದ್ದಲ್ಲ. ಆ ಊರು ಕ್ರಿ. ಪೂ. ೧೧ನೆಯ ಶತಮಾನದಲ್ಲಿ ಬೆಂಕಿಗೆ ಆಹುತಿಯಾಯಿತೆಂಬುದನ್ನು ಈಚಿನ ಉತ್ಖನನಗಳೂ ತೋರಿಸಿವೆ. ಆದರೆ ರಾಜಧಾನಿಯ ಪುರೋಹಿತವರ್ಗಕ್ಕೆ ಆ ಹೆಸರೇ ಅಪಶಕುನ. ಯಾಜಕರು, ಆಸ್ಥಾನದ ಪ್ರವಾದಿಗಳು, ನೆರೆದ ಜನರು ಎಲ್ಲರೂ ಸೇರಿ ಯೆರೆಮೀಯನನ್ನು ಹಿಡಿದುಕೊಂಡರು. ಇವನಿಗೆ ಮರಣವೇ ಶಿಕ್ಷೆ ಎಂದರು. ಸುದ್ದಿ ತಿಳಿದು ಅರಮನೆಯಿಂದ ಅಧಿಕಾರಿಗಳು ಬಂದು ಬಾಗಿಲಲ್ಲಿ ನ್ಯಾಯಕ್ಕೆ ಕುಳಿತರು. ಯೆರೆಮೀಯನು ತಾನು ಆಡಿದ ಮಾತಿನಿಂದ ಹಿಂದೆಗೆಯಲಿಲ್ಲ. ನನ್ನನ್ನು ಕಳುಹಿಸಿದವನು ದೇವರು, ನಾನು ನಿಮ್ಮ ಕೈಯಲ್ಲಿದ್ದೇನೆ, ಸರಿತೋರಿದಂತೆ ಮಾಡಿರಿ, ಆದರೆ ನಿರಪರಾಧಿಯ ರಕ್ತವು ನಿಮ್ಮ ತಲೆಯ ಮೇಲೆ ಬರುವುದೆಂದು ತಿಳಿದಿರಲಿ ಎಂದಷ್ಟೇ ಹೇಳಿದನು. ಕ್ಷಣದ ಹಿಂದೆ ಕೊಲ್ಲಿರೆಂದು ಕೂಗಿದ ಜನವೇ ಈಗ ಅಧಿಕಾರಿಗಳೊಡನೆ ಸೇರಿ, ಇವನು ಮರಣಕ್ಕೆ ತಕ್ಕವನಲ್ಲ ಎಂದಿತು. ಜನಸಮೂಹದ ನಡತೆ ಇಪ್ಪತ್ತಾರು ಶತಮಾನಗಳಲ್ಲಿ ಹೆಚ್ಚೇನೂ ಬದಲಾದಂತೆ ತೋರದು.

ಆಗ ‘ದೇಶದ ಹಿರಿಯರು’ ಕೆಲವರು ಎದ್ದು ನಿಂತರೆಂದು ಯೆರೆಮೀಯನ ಪುಸ್ತಕದ ೨೬ನೆಯ ಅಧ್ಯಾಯವು ಹೇಳುತ್ತದೆ. ಅವರ ಹೆಸರುಗಳಿಲ್ಲ. ರಾಜಧಾನಿಯ ಅಧಿಕಾರಿಗಳಿಂದ ಬೇರೆಯಾಗಿ ಅವರನ್ನು ಹೇಳಿರುವುದರಿಂದ ಅವರು ಸುತ್ತಣ ಊರುಗಳ ಹಿರಿಯರಾಗಿದ್ದಿರಬೇಕು. ಅವರು ವಾದ ಮಾಡಲಿಲ್ಲ, ಒಂದು ಹಳೆಯ ಸಂಗತಿಯನ್ನು ನೆನಪಿಸಿದರು. ಅರಸನಾದ ಹಿಜ್ಕೀಯನ ಕಾಲದಲ್ಲಿ ಮೋರೆಷೆತಿನ ಮೀಕನೆಂಬವನು ಇದಕ್ಕಿಂತಲೂ ಕಠೋರವಾದ ಮಾತನ್ನು ಆಡಿದ್ದನು. ಚೀಯೋನ್ ಬೆಟ್ಟವು ಹೊಲದಂತೆ ಉಳಲ್ಪಡುವುದು, ಯೆರೂಸಲೇಮು ಹಾಳುದಿಬ್ಬವಾಗುವುದು, ದೇವಾಲಯದ ಗುಡ್ಡದ ಮೇಲೆ ಕಾಡು ಬೆಳೆಯುವುದು ಎಂದಿದ್ದನು. ಹಿಜ್ಕೀಯನು ಅವನನ್ನು ಕೊಂದನೆ? ಇಲ್ಲ, ದೇವರಿಗೆ ಅಂಜಿ ಬೇಡಿಕೊಂಡನು, ಬರಬೇಕಾದ ಕೇಡು ಬರಲಿಲ್ಲ. ನಾವು ಈಗ ಮಾಡಹೊರಟಿರುವುದು ನಮಗೇ ದೊಡ್ಡ ಕೇಡು.

ಹೀಬ್ರೂ ಪ್ರವಾದಿಗಳ ಗ್ರಂಥಗಳಲ್ಲಿ ಒಬ್ಬ ಪ್ರವಾದಿಯ ಮಾತನ್ನು ಅವನ ಹೆಸರು ಹೇಳಿ ಇನ್ನೊಂದು ಗ್ರಂಥದಲ್ಲಿ ಉದಾಹರಿಸಿರುವುದು ಇದೊಂದೇ ಕಡೆ. ಅದೂ ಉದಾಹರಿಸಿದವರು ವಿದ್ವಾಂಸರಲ್ಲ, ಯಾಜಕರಲ್ಲ, ಊರ ಹಿರಿಯರು. ಸುಮಾರು ನೂರು ವರ್ಷದ ಹಿಂದೆ ಆಡಿದ ಒಂದು ಶಾಪವಾಕ್ಯವನ್ನು ಅವರು ಕೋರ್ಟಿನಲ್ಲಿ ವಕೀಲರು ಹಳೆಯ ತೀರ್ಪನ್ನು ಹಾಜರುಪಡಿಸುವಂತೆ ಹಾಜರುಪಡಿಸಿದರು. ಆ ಮಾತನ್ನು ಆಡಿದವನು ಯಾರು, ಅದನ್ನು ಹಳ್ಳಿಗಳವರು ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದು ಏಕೆ ಎಂಬುದನ್ನು ವಿಚಾರಿಸುವುದು ಯೋಗ್ಯವಾಗಿದೆ.

ಮೋರೆಷೆತ್ ಯೆರೂಸಲೇಮಿಗೆ ನೈಋತ್ಯದಲ್ಲಿ, ೨೦ ಮೈಲಿಗೂ ಮೇಲ್ಪಟ್ಟ ದೂರದಲ್ಲಿದ್ದ ಒಂದು ಸಣ್ಣ ಊರು. ಯೆಹೂದದ ಬೆಟ್ಟಸೀಮೆ ಇಳಿದು ಸಮುದ್ರದ ಬಯಲಿಗೆ ಸೇರುವ ನಡುವೆ ತಗ್ಗುಗುಡ್ಡಗಳ ಒಂದು ಫಲವತ್ತಾದ ಪ್ರದೇಶವಿದೆ. ಗೋಧಿ, ದ್ರಾಕ್ಷಿ, ಎಣ್ಣೆಯ ಮರಗಳು ಚೆನ್ನಾಗಿ ಬೆಳೆಯುವ ನೆಲ. ಶತ್ರುಸೈನ್ಯ ಬಂದರೆ ಮೊದಲು ತುಳಿಯುವುದೂ ಅದೇ ನೆಲ. ಆದ್ದರಿಂದ ಅಲ್ಲಿ ಲಾಕೀಷ್ ಮೊದಲಾದ ಕೋಟೆಗಳಿದ್ದವು. ಕೋಟೆಗಳಿದ್ದ ಮೇಲೆ ದಳವಾಯಿಗಳು, ಸುಂಕದವರು, ಅರಮನೆಯ ಕಣಜದ ಲೆಕ್ಕಿಗರು ಇದ್ದೇ ಇರುವರಷ್ಟೆ. ರಾಜ್ಯಭಾರದ ಭಾರವೆಲ್ಲ ಯಾರ ಬೆನ್ನಿನ ಮೇಲೆ ಬೀಳುವುದೆಂಬುದನ್ನು ನೋಡಲು ಮೀಕನು ಬಹುದೂರ ಹೋಗಬೇಕಾಗಿರಲಿಲ್ಲ.

ಅವನ ಹೆಸರಿನ ಪುಸ್ತಕದಲ್ಲಿ ೭ ಅಧ್ಯಾಯಗಳಿವೆ. ಮೊದಲ ಮೂರು ಬಹುಮಟ್ಟಿಗೆ ಅವನವೇ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಉಳಿದವುಗಳ ವಿಚಾರದಲ್ಲಿ ವಾದವಿದೆ. ಆ ಮೂರನ್ನು ಓದಿದರೆ ಸಾಕು, ಮನುಷ್ಯನ ಸ್ವಭಾವ ಗೊತ್ತಾಗುತ್ತದೆ. ಅವನ ದೂರುಗಳು ಸಾಮಾನ್ಯವಾದ ಪಾಪನಿಂದೆಯಲ್ಲ. ದಿನಾಂಕ, ಸರ್ವೆ ನಂಬರು ಎರಡನ್ನು ಬಿಟ್ಟರೆ ಅವು ಫಿರ್ಯಾದಿನ ಅರ್ಜಿಯಂತಿವೆ. ಕೆಲವರು ರಾತ್ರಿ ಹಾಸಿಗೆಯಲ್ಲಿ ಮಲಗಿ ಹೊಂಚು ಹಾಕುತ್ತಾರೆ, ಬೆಳಗಾದೊಡನೆ ಅದನ್ನು ನಡೆಸುತ್ತಾರೆ, ಏಕೆಂದರೆ ಅಧಿಕಾರ ಅವರ ಕೈಯಲ್ಲಿದೆ ಎನ್ನುತ್ತಾನೆ. ಹೊಲ ಬೇಕೆನಿಸಿದರೆ ಹೊಲ, ಮನೆ ಬೇಕೆನಿಸಿದರೆ ಮನೆ. ಹೆಂಗಸರನ್ನು ಅವರ ಪ್ರೀತಿಯ ಮನೆಗಳಿಂದ ಹೊರಡಿಸುತ್ತಾರೆ. ನಿಶ್ಚಿಂತೆಯಿಂದ ದಾರಿ ನಡೆಯುವವರ ಮೈಮೇಲಿನ ಬಟ್ಟೆಯನ್ನು ಸುಲಿಯುತ್ತಾರೆ. ನ್ಯಾಯವನ್ನು ತಿಳಿದಿರಬೇಕಾದ ನಾಯಕರು ಪ್ರಜೆಗಳನ್ನು ಅಡಿಗೆಮನೆಗೆ ತಂದ ಮಾಂಸದಂತೆ ಚರ್ಮ ಸುಲಿದು, ಎಲುಬು ಮುರಿದು, ಹಂಡೆಗೆ ಹಾಕುತ್ತಾರೆ ಎಂಬ ಭಯಂಕರವಾದ ರೂಪಕವೂ ಅವನದೇ.

ಬಟ್ಟೆಯ ಮಾತನ್ನು ವಾಚಕರು ಕವಿಯ ಉತ್ಪ್ರೇಕ್ಷೆಯೆಂದು ಭಾವಿಸಬಾರದು. ಬಡವನ ಮೇಲುಹೊದಿಕೆಯನ್ನು ಒತ್ತೆಯಾಗಿ ತೆಗೆದುಕೊಂಡರೆ ಹೊತ್ತು ಮುಳುಗುವ ಮುನ್ನ ಹಿಂದಿರುಗಿಸಬೇಕೆಂದು ಮೋಶೆಯ ಧರ್ಮಶಾಸ್ತ್ರವೇ ವಿಧಿಸಿತ್ತು. ಅವನಿಗೆ ರಾತ್ರಿ ಹೊದೆಯಲು ಬೇರೊಂದಿಲ್ಲವೆಂಬುದೇ ಕಾರಣ. ೧೯೬೦ರಲ್ಲಿ ಸಮುದ್ರತೀರದ ಒಂದು ಸಣ್ಣ ಕೋಟೆಯ ಅವಶೇಷಗಳಲ್ಲಿ ಹೀಬ್ರೂ ಬರಹವಿದ್ದ ಮಡಕೆಯ ಚೂರುಗಳು ಸಿಕ್ಕಿದವು. ಅದು ಕ್ರಿ. ಪೂ. ೭ನೆಯ ಶತಮಾನದ ಕೊನೆಗಾಲದ್ದು, ಎಂದರೆ ಯೆರೆಮೀಯನ ವಿಚಾರಣೆಗೆ ಬಹಳ ಸಮೀಪದ ಕಾಲದ್ದು. ಒಬ್ಬ ಕೊಯ್ಲಿನ ಆಳು ಕೋಟೆಯ ಅಧಿಕಾರಿಗೆ ಮಾಡಿಕೊಂಡ ಬಿನ್ನಹ ಅದರಲ್ಲಿದೆ. ನನ್ನ ಪಾಲಿನ ಕೊಯ್ಲನ್ನು ಮುಗಿಸಿ ಕಾಳನ್ನು ತುಂಬಿಸಿದ್ದೆನು; ಆದರೂ ಮೇಲ್ವಿಚಾರಕನು ಬಂದು ನನ್ನ ಬಟ್ಟೆಯನ್ನು ಕಿತ್ತುಕೊಂಡನು; ಬಿಸಿಲಿನಲ್ಲಿ ನನ್ನೊಡನೆ ಕೊಯ್ದವರೆಲ್ಲ ನನ್ನ ಪರವಾಗಿ ಸಾಕ್ಷಿ ಹೇಳುವರು; ನನ್ನ ಬಟ್ಟೆಯನ್ನು ಕೊಡಿಸಿರಿ ಎಂದು ಅವನು ಕೇಳಿಕೊಳ್ಳುತ್ತಾನೆ. ಮೀಕನಿಗೂ ಈ ಆಳಿಗೂ ನಡುವೆ ನೂರು ವರ್ಷ ಕಳೆದಿದ್ದರೂ ದೂರು ಒಂದೇ. ಪ್ರವಾದಿಗಳ ಸಿಟ್ಟನ್ನು ಕೇವಲ ಸಾಹಿತ್ಯವೆಂದು ಓದುವವರಿಗೆ ಈ ಮಡಕೆಚೂರನ್ನು ತೋರಿಸಬೇಕು.

ಮೀಕನು ತನ್ನ ಕಾಲದ ಪ್ರವಾದಿಗಳನ್ನೂ ಬಿಡಲಿಲ್ಲ. ಬಾಯಿಗೆ ತುತ್ತು ಹಾಕಿದವರಿಗೆ ಸಮಾಧಾನವನ್ನು ಸಾರುವರು, ಹಾಕದವರ ಮೇಲೆ ಯುದ್ಧ ಸಾರುವರು ಎಂದು ಹೀಯಾಳಿಸಿದನು. ನ್ಯಾಯಾಧಿಪತಿಗಳು ಲಂಚಕ್ಕೆ, ಯಾಜಕರು ಕೂಲಿಗೆ, ಪ್ರವಾದಿಗಳು ಹಣಕ್ಕೆ. ಇಷ್ಟಾದರೂ ದೇವರು ನಮ್ಮ ನಡುವೆ ಇದ್ದಾನೆ, ಕೇಡು ಬಾರದೆಂಬ ಧೈರ್ಯ ಬೇರೆ! ಇಂಥ ಮಾತುಗಳನ್ನು ಆಡಬೇಡವೆಂದು ಅವನಿಗೆ ಬುದ್ಧಿ ಹೇಳಿದವರೂ ಇದ್ದರು. ದ್ರಾಕ್ಷಾರಸ ಮದ್ಯಗಳ ಸಮೃದ್ಧಿ ಬರುವುದೆಂದು ಹೇಳುವವನಾದರೆ ಈ ಜನಕ್ಕೆ ತಕ್ಕ ಬೋಧಕನಾಗುತ್ತಿದ್ದನು ಎಂಬರ್ಥದಲ್ಲಿ ಅವನು ಅವರಿಗೆ ಉತ್ತರ ಕೊಟ್ಟನು.

ಎಲ್ಲಕ್ಕಿಂತ ಹರಿತವಾದ ಆಪಾದನೆ ರಾಜಧಾನಿಯ ಮೇಲಿನದು. ಚೀಯೋನನ್ನು ನೀವು ರಕ್ತದಿಂದಲೂ ಯೆರೂಸಲೇಮನ್ನು ಅನ್ಯಾಯದಿಂದಲೂ ಕಟ್ಟುತ್ತಿರುವಿರಿ ಎಂದನು ಮೀಕ. ಹೊಲದಂತೆ ಉಳಲ್ಪಡುವುದೆಂಬ ಶಾಪವು ಈ ಆಪಾದನೆಯ ಬೆನ್ನಿಗೇ ಬರುತ್ತದೆ. ಇಲ್ಲಿ ‘ಕಟ್ಟುವುದು’ ಎಂಬ ಮಾತು ಬರಿಯ ಅಲಂಕಾರವಲ್ಲ, ಏಕೆಂದರೆ ಆ ಕಾಲದಲ್ಲಿ ಯೆರೂಸಲೇಮಿನಲ್ಲಿ ನಿಜವಾಗಿಯೂ ಭರದಿಂದ ಕಟ್ಟಡದ ಕೆಲಸ ನಡೆಯುತ್ತಿತ್ತು. ಕ್ರಿ. ಪೂ. ೭೨೨ರಲ್ಲಿ ಉತ್ತರದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯವು ಅಶ್ಶೂರರ ಕೈಸೇರಿತು. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಂದಲೂ ಯೆರೂಸಲೇಮು ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಬೆಳೆಯಿತೆಂದು ಪುರಾತತ್ತ್ವಜ್ಞರ ಅಭಿಪ್ರಾಯ. ಅಶ್ಶೂರರನ್ನು ಎದುರಿಸಲು ನಿಶ್ಚಯಿಸಿದ ಹಿಜ್ಕೀಯನು ಕೋಟೆಯನ್ನು ಬಲಪಡಿಸಿದನು. ೧೯೭೦ರ ಸುಮಾರಿಗೆ ನಹ್ಮಾನ್ ಅವಿಗಾದರು ಹಳೆಯ ಪಟ್ಟಣದಲ್ಲಿ ಅಗೆದು ತೆಗೆದ ಗೋಡೆಯೊಂದು ೭ ಮೀಟರಿನಷ್ಟು ದಪ್ಪವಾಗಿದೆ. ಅದರ ತಳಕ್ಕೆ ಸಿಕ್ಕಿ ಮುರಿದ ಮನೆಗಳ ಅಡಿಪಾಯಗಳೂ ಕಂಡುಬಂದವು. ಮನೆಗಳನ್ನು ಕೆಡವಿ ಗೋಡೆ ಕಟ್ಟಿದರೆಂದು ಮೀಕನ ಸಮಕಾಲೀನನಾದ ಯೆಶಾಯನ ಪುಸ್ತಕದಲ್ಲಿ ಬಂದಿರುವ ಮಾತಿಗೆ ಇಷ್ಟು ನೇರವಾದ ಸಾಕ್ಷ್ಯ ದೊರೆಯಬಹುದೆಂದು ಯಾರು ಎಣಿಸಿದ್ದರು!

ಪಟ್ಟಣಕ್ಕೆ ನೀರು ತರಲು ಬಂಡೆಯಲ್ಲಿ ಕೊರೆದ ೫೩೩ ಮೀಟರ್ ಉದ್ದದ ಸುರಂಗವೂ ಹಿಜ್ಕೀಯನ ಕೆಲಸವೆಂದೇ ಬಹುಜನರ ಮತ. ೧೮೮೦ರಲ್ಲಿ ಅದರೊಳಗೆ ಸಿಕ್ಕಿದ ಶಾಸನ ಈಗ ಇಸ್ತಾಂಬುಲಿನಲ್ಲಿದೆ. ನಮ್ಮ ಶಾಸನಗಳನ್ನು ಓದಿ ರೂಢಿಯಿರುವವರಿಗೆ ಅದು ವಿಚಿತ್ರವಾಗಿ ತೋರುವುದು: ಅರಸನ ಹೆಸರಿಲ್ಲ, ಬಿರುದಿಲ್ಲ, ವಂಶಾವಳಿಯಿಲ್ಲ. ಎರಡು ಕೊನೆಗಳಿಂದ ಕೊರೆಯುತ್ತ ಬಂದ ಕೆಲಸಗಾರರು ಕಡೆಗೆ ಒಬ್ಬರ ದನಿಯನ್ನೊಬ್ಬರು ಕೇಳಿ, ಗುದ್ದಲಿಗೆ ಗುದ್ದಲಿ ತಾಕಿ, ನೀರು ಹರಿದುದನ್ನು ಮಾತ್ರ ಅದು ಹೇಳುತ್ತದೆ. ಸುರಂಗವೂ ಬೇಕಾಗಿತ್ತು, ಗೋಡೆಯೂ ಬೇಕಾಗಿತ್ತು. ಅವಿಲ್ಲದಿದ್ದರೆ ಪಟ್ಟಣ ಉಳಿಯುತ್ತಿರಲಿಲ್ಲವೆಂದು ಹಿಜ್ಕೀಯನ ಪಕ್ಷದವರು ಹೇಳಬಹುದು. ಅದು ಸುಳ್ಳೂ ಅಲ್ಲ. ಆದರೆ ಆ ದುಡಿಮೆ, ಆ ಕಾಳು, ಆ ಎಣ್ಣೆ ಎಲ್ಲಿಂದ ಬಂದವೆಂಬ ಪ್ರಶ್ನೆ ಉಳಿಯುತ್ತದೆ. ‘ಅರಸನದು’ ಎಂಬ ಮುದ್ರೆಯೊತ್ತಿದ ಜಾಡಿಗಳ ಹಿಡಿಗಳು ಯೆಹೂದದಲ್ಲೆಲ್ಲ ಸೇರಿ ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಅವುಗಳಲ್ಲಿ ನೂರಾರು ಲಾಕೀಷಿನಲ್ಲೇ, ಮೀಕನ ನೆರೆಯಲ್ಲೇ ಸಿಕ್ಕಿದವು.

ಕ್ರಿ. ಪೂ. ೭೦೧ರಲ್ಲಿ ಅಶ್ಶೂರದ ಸನ್ಹೇರೀಬನು ಬಂದನು. ಕೋಟೆಯುಳ್ಳ ೪೬ ಊರುಗಳನ್ನು ಹಿಡಿದೆನೆಂದು ಅವನ ಶಾಸನವು ಕೊಚ್ಚಿಕೊಳ್ಳುತ್ತದೆ. ಲಾಕೀಷಿನ ಮುತ್ತಿಗೆಯನ್ನು ನಿನೆವೆಯ ಅರಮನೆಯ ಗೋಡೆಗಳ ಮೇಲೆ ಕೆತ್ತಿಸಿದನು. ೧೯ನೆಯ ಶತಮಾನದ ನಡುಗಾಲದಲ್ಲಿ ಲೇಯಾರ್ಡನು ಅಗೆದು ತೆಗೆದ ಆ ಚಪ್ಪಡಿಗಳನ್ನು ಲಂಡನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇಂದಿಗೂ ನೋಡಬಹುದು. ಅದರಲ್ಲಿ ಎತ್ತಿನ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಹೆಂಡಿರುಮಕ್ಕಳೊಡನೆ ಸೆರೆಗೆ ಹೊರಟ ಸಂಸಾರಗಳಿವೆ, ಶೂಲಕ್ಕೆ ಏರಿಸಿದ ಗಂಡಸರಿದ್ದಾರೆ, ಸಿಂಹಾಸನದ ಮೇಲೆ ಕುಳಿತು ಕೊಳ್ಳೆಯನ್ನು ಪರಾಂಬರಿಸುತ್ತಿರುವ ಸನ್ಹೇರೀಬನಿದ್ದಾನೆ. ಗಾಡಿಯಲ್ಲಿ ಕುಳಿತವರ ಮುಖಗಳನ್ನು ಶಿಲ್ಪಿಯು ಒಂದೇ ಅಚ್ಚಿನಲ್ಲಿ ಕಡೆದಿದ್ದಾನೆ. ಆದರೂ ನೋಡುವವರಿಗೆ ಕಣ್ಣು ತೆಗೆಯಲಾಗದು.

ಯೆರೂಸಲೇಮು ಮಾತ್ರ ಉಳಿಯಿತು. ಹಿಜ್ಕೀಯನು ಭಾರಿಯಾದ ಕಪ್ಪವನ್ನು ತೆತ್ತನು. ಸನ್ಹೇರೀಬನು ಪಟ್ಟಣವನ್ನು ಒಳಹೊಗದೆ ಹಿಂದಿರುಗಿದನು. ಹಾಗೆ ಹಿಂದಿರುಗಿದುದಕ್ಕೆ ಬೈಬಲು ಹೇಳುವ ಕಾರಣ ಬೇರೆ, ಅಶ್ಶೂರದ ಶಾಸನವು ಸೂಚಿಸುವುದು ಬೇರೆ. ಆ ಚರ್ಚೆ ನಮಗಿಲ್ಲಿ ಬೇಡ. ಗಮನಿಸಬೇಕಾದ ಸಂಗತಿ ಇದು: ಮೀಕನು ಶಪಿಸಿದ ಪಟ್ಟಣ ಪಾರಾಯಿತು, ಅವನು ಯಾರ ಪರವಾಗಿ ಮಾತನಾಡಿದನೋ ಆ ತಗ್ಗುಸೀಮೆ ಹಾಳಾಯಿತು.

ಹಾಗಾದರೆ ಮೀಕನು ಸುಳ್ಳು ಪ್ರವಾದಿಯಾಗಲಿಲ್ಲವೆ? ಧರ್ಮೋಪದೇಶಕಾಂಡದ ನಿಯಮ ಸ್ಪಷ್ಟವಾಗಿದೆ. ಪ್ರವಾದಿಯು ಹೇಳಿದುದು ನಡೆಯದಿದ್ದರೆ ಆ ಮಾತು ದೇವರದಲ್ಲ, ಅವನಿಗೆ ಹೆದರಬೇಕಾಗಿಲ್ಲ. ಈ ಅಳತೆಗೋಲಿನಿಂದ ನೋಡಿದರೆ ಯೆರೂಸಲೇಮಿನ ಯಾಜಕರು ಮೀಕನ ಹೆಸರನ್ನು ಸುಲಭವಾಗಿ ಅಳಿಸಿಹಾಕಬಹುದಾಗಿತ್ತು. ಅರಸುಗಳ ಗ್ರಂಥವು ಹಿಜ್ಕೀಯನ ಆಳಿಕೆಯನ್ನು ವಿಸ್ತಾರವಾಗಿ ವರ್ಣಿಸುತ್ತದೆ; ಮುತ್ತಿಗೆಯ ಕಾಲದಲ್ಲಿ ಅರಸನ ಪಕ್ಕದಲ್ಲಿ ಯೆಶಾಯನು ನಿಂತದ್ದನ್ನು ಹೇಳುತ್ತದೆ. ಮೀಕನ ಹೆಸರನ್ನು ಅದು ಎತ್ತುವುದೇ ಇಲ್ಲ. ಯೆಶಾಯನು ರಾಜಧಾನಿಯವನು, ಅರಮನೆಗೆ ಬಲ್ಲವನು. ಮೋರೆಷೆತಿನವನಿಗೆ ಆಸ್ಥಾನದ ದಫ್ತರದಲ್ಲಿ ಸ್ಥಳ ಸಿಕ್ಕಲಿಲ್ಲ.

ಅವನ ಮಾತು ಉಳಿದದ್ದು ಬೇರೆ ಕಡೆ. ಹಿರಿಯರು ಯೆರೆಮೀಯನ ವಿಚಾರಣೆಯಲ್ಲಿ ಆಡಿದುದನ್ನು ಸೂಕ್ಷ್ಮವಾಗಿ ನೋಡಿದರೆ ಅವರು ಧರ್ಮೋಪದೇಶಕಾಂಡದ ಅಳತೆಗೋಲನ್ನೇ ತಿರುಗಿಸಿಬಿಟ್ಟರೆಂಬುದು ತಿಳಿಯುತ್ತದೆ. ಮೀಕನ ಮಾತು ನಡೆಯಲಿಲ್ಲ, ನಿಜ. ನಡೆಯದೆ ಇದ್ದದ್ದೇ ಅದರ ಫಲ, ಏಕೆಂದರೆ ಕೇಳಬೇಕಾದವನು ಅದನ್ನು ಕೇಳಿದನು ಎಂಬುದು ಅವರ ಅಭಿಪ್ರಾಯ. ಪ್ರವಾದಿಯು ಜೋಯಿಸನಲ್ಲ, ನಾಳೆ ಏನಾಗುವುದೆಂಬುದನ್ನು ಲೆಕ್ಕ ಹಾಕಿ ಹೇಳುವುದು ಅವನ ಉದ್ಯೋಗವಲ್ಲ. ಊರ ಬಾವಿಗೆ ವಿಷ ಬಿದ್ದಿದೆ, ಕುಡಿದರೆ ಸಾಯುವಿರಿ ಎಂದು ಕೂಗುವವನು ಜನರು ಸಾಯದೆ ಇದ್ದರೆ ಸೋತನೆಂದು ಯಾರೂ ಹೇಳರು. ಇಷ್ಟು ಸೂಕ್ಷ್ಮವಾದ ವಿವೇಚನೆಯನ್ನು ಹೆಸರಿಲ್ಲದ ಹಳ್ಳಿಯ ಹಿರಿಯರು ಮಾಡಿದರು, ಅದೂ ಕೊಲೆಗೆ ಹವಣಿಸಿದ ಗುಂಪಿನ ಎದುರಿನಲ್ಲಿ. ಹಿಜ್ಕೀಯನು ಮೀಕನ ಮಾತಿಗೇ ಅಂಜಿ ನಡೆದುಕೊಂಡನೋ, ಅಥವಾ ನೂರು ವರ್ಷಗಳಲ್ಲಿ ಜನರ ನೆನಪು ಅರಸನನ್ನು ಸ್ವಲ್ಪ ಒಳ್ಳೆಯವನನ್ನಾಗಿ ಮಾಡಿತೋ, ಎರಡನೆಯದೂ ಸಂಭವವೇ. ಆದರೂ ಆ ನೆನಪಿನಿಂದ ಒಬ್ಬನ ಪ್ರಾಣ ಉಳಿಯಿತು.

ಅಥವಾ ನೆನಪೊಂದರಿಂದಲೇ ಉಳಿಯಲಿಲ್ಲವೆನ್ನಬೇಕು. ಅದೇ ಅಧ್ಯಾಯವು, ಶಾಫಾನನ ಮಗನಾದ ಅಹೀಕಾಮನ ಕೈ ಯೆರೆಮೀಯನ ಕಡೆಗಿದ್ದುದರಿಂದ ಅವನು ಜನರ ಕೈಗೆ ಸಿಕ್ಕಿ ಸಾಯಲಿಲ್ಲವೆಂದು ಕಡೆಯಲ್ಲಿ ಹೇಳುತ್ತದೆ. ಶಾಫಾನನು ಹಿಂದಿನ ಅರಸನಾದ ಯೋಷೀಯನ ಕಾರ್ಯದರ್ಶಿ; ದೇವಾಲಯದಲ್ಲಿ ಧರ್ಮಶಾಸ್ತ್ರದ ಗ್ರಂಥ ದೊರೆತಾಗ ಅದನ್ನು ಅರಸನಿಗೆ ಓದಿ ಹೇಳಿದವನು. ದೊಡ್ಡ ಮನೆತನ, ಅಧಿಕಾರದ ಬಲ. ಊರ ಹಿರಿಯರ ಮಾತಿಗೆ ಆ ಬಲ ಜೊತೆಗೂಡಿತು.

ಜೊತೆಗೂಡದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಬೇಕಾಗಿಲ್ಲ. ಹಿರಿಯರ ಮಾತಿಗೂ ಅಹೀಕಾಮನ ಹೆಸರಿಗೂ ನಡುವೆ ಗ್ರಂಥಕರ್ತನು ಇನ್ನೊಬ್ಬನ ಕಥೆಯನ್ನು ಇಟ್ಟಿದ್ದಾನೆ. ಕಿರ್ಯತ್ಯಾರೀಮಿನವನಾದ ಶೆಮಾಯನ ಮಗ ಊರೀಯನೂ ಈ ಪಟ್ಟಣದ ವಿರುದ್ಧ ಯೆರೆಮೀಯನಂತೆಯೇ ನುಡಿದನು. ಅರಸನಾದ ಯೆಹೋಯಾಕೀಮನು ಅವನನ್ನು ಕೊಲ್ಲಲು ಹುಡುಕಿಸಿದನು. ಊರೀಯನು ಹೆದರಿ ಐಗುಪ್ತಕ್ಕೆ ಓಡಿಹೋದನು. ಇದಕ್ಕಿಂತ ತಪ್ಪು ದಾರಿ ಅವನಿಗೆ ಬೇರೆ ಇರಲಿಲ್ಲ, ಏಕೆಂದರೆ ಯೆಹೋಯಾಕೀಮನನ್ನು ಪಟ್ಟದ ಮೇಲೆ ಕೂರಿಸಿದವನೇ ಐಗುಪ್ತದ ಫರೋಹ ನೆಕೋ. ಅಕ್ಬೋರನ ಮಗ ಎಲ್ನಾಥಾನನು ಆಳುಗಳೊಡನೆ ಹೋಗಿ ಅವನನ್ನು ಹಿಡಿದು ತಂದನು. ಅರಸನು ಅವನನ್ನು ಕತ್ತಿಯಿಂದ ಕೊಲ್ಲಿಸಿ, ಹೆಣವನ್ನು ಸಾಮಾನ್ಯ ಜನರ ಗೋರಿಗಳಲ್ಲಿ ಬಿಸಾಡಿಸಿದನು. ಈ ಎಲ್ನಾಥಾನನ ತಂದೆ ಅಕ್ಬೋರನೂ ಅಹೀಕಾಮನೂ ಯೋಷೀಯನ ಕಾಲದಲ್ಲಿ ಒಂದೇ ನಿಯೋಗದಲ್ಲಿ ಪ್ರವಾದಿನಿ ಹುಲ್ದಳ ಬಳಿಗೆ ಹೋಗಿದ್ದವರು. ಒಂದೇ ವಲಯದ ಎರಡು ಮನೆಗಳಲ್ಲಿ ಒಂದು ಒಬ್ಬ ಪ್ರವಾದಿಯನ್ನು ಉಳಿಸಿತು, ಇನ್ನೊಂದು ಇನ್ನೊಬ್ಬನನ್ನು ಹಿಡಿದುಕೊಟ್ಟಿತು.

ಯೆಹೋಯಾಕೀಮನ ವಿಚಾರದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಫರೋಹನಿಗೆ ಕೊಡಬೇಕಾದ ಬೆಳ್ಳಿಬಂಗಾರವನ್ನು ಪ್ರಜೆಗಳ ಮೇಲೆ ಕಂದಾಯ ಹೊರಿಸಿ ಎತ್ತಿದನು. ಅದೇ ಕಾಲದಲ್ಲಿ ದೇವದಾರು ಹೊದಿಸಿ, ಕೆಂಪು ಬಣ್ಣ ಬಳಿಸಿ, ಅಗಲವಾದ ಕಿಟಕಿಗಳನ್ನಿಟ್ಟು ಹೊಸ ಅರಮನೆಯನ್ನು ಕಟ್ಟಿಸಿದನು, ಕೆಲಸಗಾರರಿಗೆ ಕೂಲಿ ಕೊಡದೆ. ಯೆರೆಮೀಯನು ಇದನ್ನೂ ಎತ್ತಿ ಆಡಿದನು. ಇವನಿಗೆ ಕತ್ತೆಗೆ ಸಲ್ಲುವ ಶವಸಂಸ್ಕಾರವೇ ಆಗುವುದೆಂದು ಹೇಳಿದನು. ಯೆಹೋಯಾಕೀಮನ ಐದನೆಯ ವರ್ಷದ ಚಳಿಗಾಲದಲ್ಲಿ ಯೆರೆಮೀಯನ ಮಾತುಗಳನ್ನು ಬರೆದ ಸುರುಳಿಯನ್ನು ಅರಮನೆಯಲ್ಲಿ ಓದಿದರು. ಅರಸನು ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದನು. ಮೂರು ನಾಲ್ಕು ಅಂಕಣ ಓದಿದಂತೆಲ್ಲ ಅಷ್ಟನ್ನು ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕುತ್ತ ಹೋದನು. ಬೇಡ, ಸುಡಬೇಡವೆಂದು ಬೇಡಿಕೊಂಡ ಮೂವರಲ್ಲಿ ಒಬ್ಬನು ಶಾಫಾನನ ಮತ್ತೊಬ್ಬ ಮಗನಾದ ಗೆಮರ್ಯ. ಇನ್ನೊಬ್ಬನು ಊರೀಯನನ್ನು ಹಿಡಿದು ತಂದ ಅದೇ ಎಲ್ನಾಥಾನ. ನಡುವೆ ಅವನ ಮನಸ್ಸಿನಲ್ಲಿ ಏನು ನಡೆಯಿತೋ, ಗ್ರಂಥವು ಮೌನವಾಗಿದೆ.

ಕ್ರಿ. ಪೂ. ೫೮೬ರಲ್ಲಿ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟರು. ದೇವಾಲಯವೂ ಹೋಯಿತು. ೧೯೮೨ರಲ್ಲಿ ಯಿಗಾಲ್ ಶೀಲೋ ಅವರ ಉತ್ಖನನದಲ್ಲಿ, ಆ ಬೆಂಕಿಯಲ್ಲಿ ಬಿದ್ದ ಒಂದು ಕಟ್ಟಡದ ನೆಲದ ಮೇಲೆ ಜೇಡಿಮಣ್ಣಿನ ಸುಮಾರು ೫೦ ಮುದ್ರೆಗಳು ಸಿಕ್ಕಿದವು. ಕಾಗದಪತ್ರಗಳ ಕಟ್ಟಿಗೆ ಒತ್ತಿದ್ದ ಮುದ್ರೆಗಳು ಅವು. ಪತ್ರಗಳು ಸುಟ್ಟು ಬೂದಿಯಾದವು. ಅದೇ ಬೆಂಕಿಯಲ್ಲಿ ಬೆಂದು ಮಣ್ಣಿನ ಮುದ್ರೆಗಳು ಗಟ್ಟಿಯಾಗಿ ಉಳಿದವು. ಅವುಗಳಲ್ಲಿ ಒಂದರ ಮೇಲೆ ಶಾಫಾನನ ಮಗ ಗೆಮರ್ಯನ ಹೆಸರಿದೆ. ಸುರುಳಿಯನ್ನು ಸುಡಬೇಡವೆಂದವನೇ ಇವನೆಂದು ಹೆಚ್ಚಿನ ವಿದ್ವಾಂಸರು ನಂಬುತ್ತಾರೆ.

ಅರಸನು ಸುಟ್ಟ ಸುರುಳಿಯೂ ಮತ್ತೆ ಹುಟ್ಟಿತು. ಯೆರೆಮೀಯನು ಹೇಳಿ ಬರೆಸಿದನು, ಬಾರೂಕನೆಂಬ ಲೇಖಕನು ಹಿಂದಿನದಕ್ಕಿಂತಲೂ ದೊಡ್ಡದಾಗಿ ಬರೆದನು. ಮೀಕನ ಮಾತನ್ನು ಅವನ ಸೀಮೆಯ ಜನ ಕಾದರು. ಊರೀಯನಿಗೆ ಬಾರೂಕನೂ ಇರಲಿಲ್ಲ, ಹಿರಿಯರೂ ಸಿಕ್ಕಲಿಲ್ಲ. ಅವನು ಆಡಿದ ಒಂದು ಮಾತೂ ನಮಗೆ ಉಳಿದಿಲ್ಲ. ಅವನ ಹೆಸರು, ತಂದೆಯ ಹೆಸರು, ಊರಿನ ಹೆಸರು ಉಳಿದಿವೆ. ಅವೂ ಯೆರೆಮೀಯನ ಪುಸ್ತಕದ ನಾಲ್ಕು ವಚನಗಳಲ್ಲಿ.